ಕ್ಯಾಮೆರಾ ತೆಗೆಯುವ ಮುಂಚೆ ಕಾಗದ: ಶಿರಸಿ, ಕಾರವಾರ ಕಡೆ ಶೂಟಿಂಗ್ ಮಾಡುವವರಿಗೆ ಕಾನೂನಿನ ಸಮಗ್ರ ಮಾರ್ಗದರ್ಶಿ

ನಮ್ಮ ಮೊದಲ ಸಾಕ್ಷ್ಯಚಿತ್ರದಲ್ಲಿ ಒಬ್ಬರು ಅಜ್ಜಿ ಇದ್ದರು. ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದರು. ಮೂರು ಮಳೆಗಾಲ ಅವರ ಮನೆಗೆ ಹೋಗಿ ಬಂದೆವು, ಅವರ ಕೈಯ ತಂಬುಳಿ ಉಂಡೆವು, ಹಿತ್ತಿಲಲ್ಲಿ ಟ್ರೈಪಾಡ್ ಇಟ್ಟೆವು, ಆದರೆ ಒಂದೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲಿಲ್ಲ. ಕೇಳಿದರೆ ಬೇಜಾರಾಗುತ್ತಾರೆ ಅನ್ನಿಸಿತ್ತು. "ನಮ್ಮವರೇ ಅಲ್ವಾ" ಅಂದುಕೊಂಡೆವು. ಎಡಿಟಿಂಗ್ ಮುಗಿಯುವಷ್ಟರಲ್ಲಿ ಅಜ್ಜಿ ತೀರಿಕೊಂಡರು. ಆಮೇಲೆ ಒಂದು ಚಿತ್ರೋತ್ಸವದವರು ಚಿತ್ರವನ್ನು ಆರಿಸಿಕೊಂಡು, ಹತ್ತು ದಿನದೊಳಗೆ ಒಪ್ಪಿಗೆ ಪತ್ರ ಕಳಿಸಿ ಅಂದರು. ಅಜ್ಜಿಯ ಮೂವರು ಮಕ್ಕಳು ಮೂರು ಊರಲ್ಲಿದ್ದರು. ಇಬ್ಬರು ಸಹಿ ಹಾಕಿದರು. ಮೂರನೆಯವರು ಒಂದು ಪ್ರಶ್ನೆ ಕೇಳಿದರು: ಅಮ್ಮನ ಹಾಡು ಎಲ್ಲೆಲ್ಲಿಗೆ ಹೋಗುತ್ತದೆ, ಅದರಿಂದ ಯಾರಿಗೆ ದುಡ್ಡು ಬರುತ್ತದೆ? ನ್ಯಾಯವಾದ ಪ್ರಶ್ನೆ. ಉತ್ತರ ಬರೆದಿಟ್ಟ ಕಾಗದ ನಮ್ಮ ಹತ್ತಿರ ಇರಲಿಲ್ಲ. ಚಿತ್ರ ಈಗಲೂ ಹಾರ್ಡ್ ಡಿಸ್ಕ್‌ನಲ್ಲೇ ಇದೆ.

ಅಲ್ಲಿಂದ ಈಚೆ ಪ್ರತಿ ಕೆಲಸವನ್ನೂ ನಾನು ಕಾಗದದಿಂದಲೇ ಶುರು ಮಾಡುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಇನ್ನೂ ಜಾಸ್ತಿ ಬೇಕು. ಇಲ್ಲಿ ಎಲ್ಲರೂ ಎಲ್ಲರಿಗೂ ಪರಿಚಯ, ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತದೆ. ಜೊತೆಗೆ ಹುಲಿ ಕಾಡು, ನೌಕಾನೆಲೆ, ಅಣುಸ್ಥಾವರ, ಕೊಂಕಣ ರೈಲು, ಹಳೇ ದೇವಸ್ಥಾನ, ಕಡಲತೀರ ಎಲ್ಲ ಒಂದೇ ಜಿಲ್ಲೆಯಲ್ಲಿವೆ. ಒಂದೊಂದಕ್ಕೂ ಬೇರೆ ಕಚೇರಿ, ಬೇರೆ ಅನುಮತಿ.

ಇದನ್ನು ಬರೆದಿರುವುದು ಕಿರುಚಿತ್ರ, ಸಾಕ್ಷ್ಯಚಿತ್ರ, ಆಲ್ಬಂ ಹಾಡು, ಯೂಟ್ಯೂಬ್ ಸರಣಿ ಮಾಡುವ ಸಣ್ಣ ತಂಡಗಳಿಗೆ. ನಾನು ವಕೀಲನಲ್ಲ. ದೊಡ್ಡ ದುಡ್ಡು ಇದ್ದರೆ, ಅಥವಾ ಜಗಳ ಆಗಲೇ ಶುರುವಾಗಿದ್ದರೆ, ವಕೀಲರಿಗೆ ತೋರಿಸಿ.

ಹಂತ 1: ಕಥೆ ಯಾರದ್ದು?

ಬರೀ ಐಡಿಯಾಕ್ಕೆ ಕೃತಿಸ್ವಾಮ್ಯ ಇಲ್ಲ. ಅದನ್ನು ಬರೆದ ರೀತಿಗೆ ಇದೆ. ಸುಪ್ರೀಂ ಕೋರ್ಟ್ ಇದನ್ನು 1978ರಲ್ಲೇ ಸ್ಪಷ್ಟ ಮಾಡಿದೆ. ಅಪ್ಪನ ಅಡಿಕೆ ತೋಟ ಬಿಟ್ಟು ಬೆಂಗಳೂರಿಗೆ ಹೋದ ಮಗನ ಬಗ್ಗೆ ಹತ್ತು ಜನ ಹತ್ತು ಚಿತ್ರ ಮಾಡಬಹುದು. ಆದರೆ ಒಬ್ಬರು ಬರೆದ ಕಥೆಯ ಪಾತ್ರಗಳು, ಘಟನೆಗಳ ಜೋಡಣೆ, ಮಾತು ಇವನ್ನು ಎತ್ತಿಕೊಂಡರೆ, ಪಾತ್ರಗಳ ಹೆಸರು ಬದಲಾಯಿಸಿದರೂ ಅದು ಅವರದ್ದೇ.

ಕೃತಿಸ್ವಾಮ್ಯ ಎಷ್ಟು ವರ್ಷ? ಕಥೆ, ಕವಿತೆ, ನಾಟಕ, ಸಂಗೀತಕ್ಕೆ ಬರೆದವರ ಜೀವಮಾನ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ನಮ್ಮವರ ಉದಾಹರಣೆಯನ್ನೇ ನೋಡಿ. ಕವಿ ದಿನಕರ ದೇಸಾಯಿಯವರು ತೀರಿಕೊಂಡಿದ್ದು 1982ರಲ್ಲಿ. ಅವರ ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ, ಜಿಲ್ಲೆಯ ಎಲ್ಲರ ಬಾಯಲ್ಲಿದೆ, ಶಾಲೆಯ ಕಾರ್ಯಕ್ರಮದಲ್ಲೂ ಕೇಳುತ್ತದೆ. ಹಾಗಂತ ಅದು ಎಲ್ಲರ ಆಸ್ತಿ ಆಗಿಲ್ಲ. 2042ರ ಕೊನೆಯ ತನಕ ಹಕ್ಕು ಇದೆ. ನಿಮ್ಮ ಚಿತ್ರದ ಶುರುವಿಗೆ ಒಂದು ಚೌಪದಿ ಹಾಕಬೇಕಾದರೆ ಹಕ್ಕು ಇರುವವರನ್ನು ಹುಡುಕಿ ಕೇಳಬೇಕು.

ಇನ್ನೊಂದು ಕಾರವಾರದ್ದು. ರವೀಂದ್ರನಾಥ ಟ್ಯಾಗೋರರು ಯುವಕರಾಗಿದ್ದಾಗ ಅಣ್ಣನ ಜೊತೆ ಇಲ್ಲಿ ಇದ್ದರು. ಅಣ್ಣ ಆಗ ಇಲ್ಲಿ ನ್ಯಾಯಾಧೀಶರು. ಕಡಲತೀರಕ್ಕೆ ಈಗ ಕವಿಯ ಹೆಸರೇ ಇದೆ. ಅವರು ತೀರಿಕೊಂಡಿದ್ದು 1941ರಲ್ಲಿ. ಆಗಿನ ನಿಯಮ 50 ವರ್ಷದ್ದು. ಅದು ಮುಗಿಯುವ ಹೊತ್ತಿಗೆ ಸರ್ಕಾರ 60ಕ್ಕೆ ಏರಿಸಿತು, 2001ರ ಕೊನೆಗೆ ಅದೂ ಮುಗಿಯಿತು. ಈಗ ಅವರ ಬಂಗಾಳಿ ಮೂಲವನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಅದರ ಕನ್ನಡ ಅನುವಾದ? ಅದು ಅನುವಾದಕರದ್ದು, ಅವರ ಲೆಕ್ಕ ಬೇರೆ. ಇಲ್ಲಿ ತುಂಬ ಜನ ಎಡವುತ್ತಾರೆ. ಮೂಲ ಹಳೆಯದು ಅಂತ ಹೊಸ ಅನುವಾದವನ್ನು ಪುಕ್ಕಟೆ ಎತ್ತಿಕೊಳ್ಳುವಂತಿಲ್ಲ.

ಹಕ್ಕು ಪಡೆಯುವಾಗ ಫೋನಿನಲ್ಲಿ "ಆಯ್ತು ಮಾಡ್ರೀ" ಅಂದಿದ್ದು ಸಾಲದು. ಕೃತಿಸ್ವಾಮ್ಯ ಕಾಯ್ದೆ 1957ರ 19ನೇ ಕಲಂ ಪ್ರಕಾರ ಹಕ್ಕು ಬರೆದುಕೊಡುವುದು ಲಿಖಿತವಾಗಿರಬೇಕು, ಸಹಿ ಇರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಅರ್ಥ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ಇನ್ನೂ ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ: ಹಕ್ಕು ಪಡೆದ ಮೇಲೆ 1 ವರ್ಷದೊಳಗೆ ಬಳಸದಿದ್ದರೆ, ಬೇರೆ ಥರ ಬರೆದುಕೊಂಡಿರದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ನಮ್ಮಂಥ ಸಣ್ಣ ತಂಡದವರು ದುಡ್ಡು ಹೊಂದಿಸುವುದರಲ್ಲೇ ಎರಡು ವರ್ಷ ಕಳೆಯುತ್ತೇವೆ. ಹಾಗಾಗಿ ಅವಧಿ, ಪ್ರದೇಶ, ಯಾವ ಯಾವ ಮಾಧ್ಯಮ, ಎಷ್ಟು ದುಡ್ಡು, ಯಾವಾಗ ಬಳಸಲು ಶುರು ಮಾಡುತ್ತೀರಿ ಎಲ್ಲವನ್ನೂ ಬರೆಯಿರಿ.

ಚಿತ್ರದ ಹೆಸರಿಗೆ ಕೃತಿಸ್ವಾಮ್ಯ ಸಿಗುವುದಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಥಿಯೇಟರ್‌ಗೆ ಹೋಗುವ ಚಿತ್ರವಾದರೆ ಬೆಂಗಳೂರಿನ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಹೆಸರು ನೋಂದಾಯಿಸುವುದು ರೂಢಿ, ಅಷ್ಟೇ.

ಹಂತ 2: ತಂಡದೊಳಗೆ ಮೊದಲು ಬರೆದುಕೊಳ್ಳಿ

ಇದನ್ನು ಸ್ನೇಹಿತರ ನಡುವೆ ಮಾಡುವುದು ಎಲ್ಲಕ್ಕಿಂತ ಕಷ್ಟ. ಆದರೂ ಮಾಡಿ. ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ನಿರ್ದೇಶಕರಲ್ಲ, ನಿರ್ಮಾಪಕರು. ಅಂದರೆ ಮುಂದೆ ನಿಂತು, ಹೊಣೆ ಹೊತ್ತು ಮಾಡಿಸಿದವರು. ನಾಲ್ಕು ಜನ ಸೇರಿ ಚಂದಾ ಹಾಕಿ ಮಾಡಿದ ಕಿರುಚಿತ್ರದಲ್ಲಿ ಹೊಣೆ ಹೊತ್ತವರು ಯಾರು? ಕ್ಯಾಮೆರಾ ಕೊಟ್ಟವರಾ, ಊಟ ಹಾಕಿದವರಾ, ರಾತ್ರಿ ಇಡೀ ಎಡಿಟ್ ಮಾಡಿದವರಾ? ಚಿತ್ರ ಸುಮ್ನೆ ಬಿದ್ದಿರುವಾಗ ಯಾರೂ ಕೇಳುವುದಿಲ್ಲ. ಓಟಿಟಿಯವರು ಫೋನ್ ಮಾಡಿದ ದಿನ ಎಲ್ಲರೂ ಕೇಳುತ್ತಾರೆ.

ದುಡ್ಡು ಕೊಟ್ಟು ಮಾಡಿಸಿದ ಫೋಟೊ ಮತ್ತು ಚಲನಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ ಮೊದಲ ಹಕ್ಕುದಾರರು. ಆದರೆ ಸ್ನೇಹಕ್ಕಾಗಿ ಪುಕ್ಕಟೆ ಮಾಡಿಕೊಟ್ಟರೆ ಆ ಮಾತು ಹೇಳುವುದು ಕಷ್ಟ. ಪುಕ್ಕಟೆ ಕೆಲಸಕ್ಕೇ ಕಾಗದ ಜಾಸ್ತಿ ಬೇಕು ಅಂತ ನಾನು ಹೇಳುವುದು ಇದಕ್ಕೇ. ಸಣ್ಣ ಮೊತ್ತವಾದರೂ ಬ್ಯಾಂಕ್ ಮೂಲಕ ಕೊಡಿ, ಒಂದು ಪುಟದ ಪತ್ರ ಬರೆಯಿರಿ. ಯಾರ ಕೆಲಸ ಏನು, ಟೈಟಲ್‌ನಲ್ಲಿ ಹೆಸರು ಹೇಗೆ ಬರುತ್ತದೆ, ದುಡ್ಡು ಬಂದರೆ ಯಾರಿಗೆ ಎಷ್ಟು, ರಾ ಫುಟೇಜ್ ಯಾರ ಹತ್ತಿರ ಇರುತ್ತದೆ, ಒಬ್ಬರು ಅರ್ಧಕ್ಕೆ ಬಿಟ್ಟರೆ ಏನು.

ಚಿತ್ರಕಥೆ ಬರೆದವರು, ಹಾಡು ಬರೆದವರು, ರಾಗ ಹಾಕಿದವರ ವಿಷಯ ಬೇರೆ. 2012ರ ತಿದ್ದುಪಡಿ ಆದ ಮೇಲೆ, ಚಿತ್ರಮಂದಿರದ ಹೊರಗೆ ತಮ್ಮ ಕೃತಿ ಬಳಕೆಯಾದಾಗ ಬರುವ ರಾಯಧನದ ಹಕ್ಕನ್ನು ಅವರು ನಿರ್ಮಾಪಕರಿಗೆ ಬಿಟ್ಟುಕೊಡಲು ಬರುವುದಿಲ್ಲ. "ಎಲ್ಲ ಹಕ್ಕೂ ನಮ್ಮದು" ಅಂತ ಒಂದು ಸಾಲು ಬರೆಸಿಕೊಂಡರೆ ಅದು ನಿಲ್ಲುವುದಿಲ್ಲ.

ಹಂತ 3: ಹಾಡು, ಜಾನಪದ, ಯಕ್ಷಗಾನ

ನಮ್ಮ ಕಡೆಯ ಚಿತ್ರಗಳಲ್ಲಿ ತೊಂದರೆ ಜಾಸ್ತಿ ಬರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಮೊದಲು ಒಂದು ಸುಳ್ಳನ್ನು ಬಿಡಿ. "30 ಸೆಕೆಂಡ್ ತನಕ ಯಾವ ಹಾಡು ಬೇಕಾದರೂ ಹಾಕಬಹುದು" ಅನ್ನುವ ನಿಯಮ ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. 52ನೇ ಕಲಂನಲ್ಲಿ ವಿಮರ್ಶೆಗೆ, ಸುದ್ದಿ ವರದಿಗೆ ನ್ಯಾಯವಾದ ಬಳಕೆ ಅಂತ ವಿನಾಯಿತಿ ಇದೆ. ನಿಮ್ಮ ಜಲಪಾತದ ದೃಶ್ಯಕ್ಕೆ ಹಿನ್ನೆಲೆಯಲ್ಲಿ ಸಿನಿಮಾ ಹಾಡು ಹಾಕುವುದು ವಿಮರ್ಶೆ ಅಲ್ಲ. ಸಿನಿಮಾ ಹಾಡು ಬೇಕೇಬೇಕು ಅಂದರೆ ಹಾಡಿನ ಹಕ್ಕು ಮತ್ತು ಧ್ವನಿಮುದ್ರಿಕೆಯ ಹಕ್ಕು ಎರಡನ್ನೂ ಕೇಳಬೇಕು. ಎರಡೂ ಒಂದೇ ಆಡಿಯೊ ಕಂಪನಿಯ ಹತ್ತಿರ ಇರಬಹುದು, ಇಲ್ಲದೆಯೂ ಇರಬಹುದು. ಹಳೇ ಹಾಡನ್ನು ಹೊಸದಾಗಿ ಹಾಡಲು 31ಸಿ ಕಲಂನಲ್ಲಿ ಒಂದು ದಾರಿ ಇದೆ, ಮೊದಲ ಮುದ್ರಣವಾಗಿ 5 ವರ್ಷ ಕಳೆದಿರಬೇಕು. ಆದರೆ ಅದು ಧ್ವನಿಮುದ್ರಿಕೆಗೆ ಮಾತ್ರ, ವಿಡಿಯೊಗೆ ಅಲ್ಲ.

ಈಗ ಜಾನಪದ. ಹಾಲಕ್ಕಿಯವರ ಸುಗ್ಗಿ ಹಾಡು, ಸಿದ್ದಿಯರ ಡಮಾಮಿ ಪದ, ಹವ್ಯಕರ ಮದುವೆ ಹಾಡು ಇವಕ್ಕೆ ಬರೆದವರ ಹೆಸರಿಲ್ಲ. ತಲೆಮಾರಿನಿಂದ ಬಂದ ಪದಕ್ಕೆ, ರಾಗಕ್ಕೆ ಕೃತಿಸ್ವಾಮ್ಯ ಇಲ್ಲ. ಅಷ್ಟಕ್ಕೇ ನಿಲ್ಲಿಸಿಬಿಟ್ಟರೆ ತಪ್ಪಾಗುತ್ತದೆ. ಅದರ ಮೇಲೆ ಇನ್ನೂ ಪದರಗಳಿವೆ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಇದೆ, 38ನೇ ಕಲಂ ಪ್ರಕಾರ 50 ವರ್ಷ. ಕ್ಯಾಸೆಟ್ಟು, ಸಿಡಿ ಮಾಡಿದವರಿಗೆ ಆ ಧ್ವನಿಮುದ್ರಿಕೆಯ ಹಕ್ಕು ಇದೆ, ಪ್ರಕಟವಾಗಿ 60 ವರ್ಷ. ಹಾಡು ಸಂಗ್ರಹಿಸಿ ಪುಸ್ತಕ ಮಾಡಿದವರಿಗೆ ಅವರ ಮುನ್ನುಡಿ, ಟಿಪ್ಪಣಿ, ಜೋಡಣೆಯ ಮೇಲೆ ಹಕ್ಕು ಇದೆ. ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ತೀರಿಕೊಂಡರು. ಅವರು ಹಾಡಿದ ಪದವನ್ನು ನಿಮ್ಮೂರಿನ ಅಕ್ಕನೊಬ್ಬಳಿಂದ ಹೊಸದಾಗಿ ಹಾಡಿಸಬಹುದು. ಯೂಟ್ಯೂಬ್‌ನಲ್ಲಿರುವ ಅವರದೇ ಧ್ವನಿಯನ್ನು ಇಳಿಸಿಕೊಂಡು ಬೀಟ್ ಸೇರಿಸುವುದು ಬೇರೆಯೇ ವಿಷಯ, ಅದಕ್ಕೆ ಒಪ್ಪಿಗೆ ಬೇಕು.

ಪ್ರದರ್ಶಕರು ಅಂದರೆ ಕಾಯ್ದೆಯಲ್ಲಿ ನಟರು, ಹಾಡುಗಾರರು, ನರ್ತಕರಷ್ಟೇ ಅಲ್ಲ. ಹಾವಾಡಿಗರೂ ಇದ್ದಾರೆ, ಉಪನ್ಯಾಸ ಕೊಡುವವರೂ ಇದ್ದಾರೆ. ತಾಳಮದ್ದಳೆಯಲ್ಲಿ ಕೂತು ಪಾತ್ರದ ಮಾತಾಡುವ ಅರ್ಥಧಾರಿಗಳೂ ಇದರೊಳಗೆ ಬರುತ್ತಾರೆ ಅಂತಲೇ ನಾನು ನಡೆದುಕೊಳ್ಳುತ್ತೇನೆ. ಭಾಗವತರು, ಮದ್ದಳೆಯವರು, ಚೆಂಡೆಯವರು, ವೇಷಧಾರಿಗಳು, ಎಲ್ಲರ ಒಪ್ಪಿಗೆಯೂ ಬೇಕು. ಮೇಳದ ಯಜಮಾನರು ಹ್ಞೂಂ ಅಂದರೆ ಎಲ್ಲರೂ ಅಂದಂತೆ ಅಂತ ತಿಳಿಯಬೇಡಿ. ಬರೆದು ಒಪ್ಪಿದ ಮೇಲೆ ಕಲಾವಿದರು ಚಿತ್ರದಲ್ಲಿ ಅದರ ಬಳಕೆಗೆ ತಕರಾರು ಮಾಡುವಂತಿಲ್ಲ, ಆದರೆ ವ್ಯಾಪಾರಕ್ಕೆ ಬಳಸಿದರೆ ರಾಯಧನ ಕೇಳುವ ಹಕ್ಕು ಅವರಿಗೆ ಉಳಿಯುತ್ತದೆ.

ಯಕ್ಷಗಾನದ ಪದ್ಯಕಥೆ, ಅಂದರೆ ಪ್ರಸಂಗದ್ದೂ ಅದೇ ಲೆಕ್ಕ. ನೂರಾರು ವರ್ಷ ಹಳೆಯ ಪ್ರಸಂಗ ಎಲ್ಲರದ್ದು. ಈಚಿನ ಕವಿಗಳು ಬರೆದ ಹೊಸ ಪ್ರಸಂಗ ಅವರದ್ದು. "ಪುರಾಣದ ಕಥೆ, ಯಾರದ್ದೂ ಅಲ್ಲ" ಅನ್ನುವವರು ಶಿವರಾಮ ಕಾರಂತರ ಯಕ್ಷರಂಗದ ಮೊಕದ್ದಮೆ ನೆನಪಿಟ್ಟುಕೊಳ್ಳಬೇಕು. ಕಾರಂತರು ಯಕ್ಷಗಾನಕ್ಕೆ ತಮ್ಮದೇ ಹೊಸ ರೂಪ ಕೊಟ್ಟಿದ್ದರು. 1997ರಲ್ಲಿ ಅವರು ತೀರಿಕೊಂಡ ಮೇಲೆ ಅದರ ಹಕ್ಕು ಯಾರದ್ದು ಅನ್ನುವ ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. 2009ರಲ್ಲಿ ತೀರ್ಪು ಬಂತು. ಅವರು ಉಯಿಲಿನಲ್ಲಿ ಯಾರಿಗೆ ಬರೆದಿದ್ದರೋ ಅವರ ಹಕ್ಕನ್ನು ಕೋರ್ಟ್ ಎತ್ತಿಹಿಡಿಯಿತು, ಕಾಯ್ದೆಯಲ್ಲಿ ಇರುವ ವಿನಾಯಿತಿಗಳನ್ನು ಮಾತ್ರ ಬಿಟ್ಟಿತು. ಕಥೆ ಪುರಾಣದ್ದೇ ಇರಬಹುದು, ಅದನ್ನು ಕಟ್ಟಿದ ರೀತಿ ಒಬ್ಬರದ್ದಾಗಿರಬಹುದು.

ಹಂತ 4: ಒಪ್ಪಿಗೆ ಪತ್ರ

ಇಂಗ್ಲಿಷ್‌ನ ಎರಡು ಪುಟದ ಫಾರ್ಮ್ ಇಳಿಸಿಕೊಂಡು ಅಜ್ಜಿಯ ಹೆಬ್ಬೆಟ್ಟು ಒತ್ತಿಸುವುದು ಒಪ್ಪಿಗೆ ಅಲ್ಲ. ಕನ್ನಡದಲ್ಲಿ ಬರೆಯಿರಿ, ಮನೆಮಾತು ಕೊಂಕಣಿ ಅಥವಾ ನವಾಯತಿ ಇದ್ದರೆ ಆ ಭಾಷೆ ಬಲ್ಲವರಿಂದ ಹೇಳಿಸಿ. ಗಟ್ಟಿಯಾಗಿ ಓದಿ ಹೇಳುವುದನ್ನೂ ಅವರು ಒಪ್ಪುವುದನ್ನೂ ಕ್ಯಾಮೆರಾದಲ್ಲೇ ದಾಖಲಿಸಿ. ಹೆಬ್ಬೆಟ್ಟಾದರೆ ಮನೆಯವರಲ್ಲದ ಒಬ್ಬರು ಸಾಕ್ಷಿ ಇರಲಿ. ನಾನು ಈಗ ಬಳಸುವ ಪತ್ರ ಹೀಗಿದೆ:

"ನಾನು, ______, ______ ಊರಿನಲ್ಲಿ ಇರುವವರು, ನನ್ನ ಮುಖ, ಮಾತು, ಹಾಡನ್ನು ಚಿತ್ರೀಕರಿಸಲು ಒಪ್ಪಿದ್ದೇನೆ. ಇದನ್ನು ______ ಎಂಬ ಚಿತ್ರದಲ್ಲಿ ಮತ್ತು ಅದರ ಪ್ರಚಾರದಲ್ಲಿ ಬಳಸಬಹುದು. ಚಿತ್ರೋತ್ಸವ, ಟಿವಿ, ಯೂಟ್ಯೂಬ್, ಓಟಿಟಿಯಲ್ಲಿ, ಎಲ್ಲ ದೇಶಗಳಲ್ಲಿ, ______ ವರ್ಷ ತೋರಿಸಬಹುದು. ಬೇರೆ ಚಿತ್ರಕ್ಕೆ, ಜಾಹೀರಾತಿಗೆ, ಕಂಪ್ಯೂಟರಿನಲ್ಲಿ ನನ್ನ ಧ್ವನಿ ತಯಾರಿಸಲು ಬಳಸಬೇಕಾದರೆ ಮತ್ತೆ ಕೇಳಬೇಕು. ಇದಕ್ಕಾಗಿ ನನಗೆ ______ ರೂಪಾಯಿ ಸಂದಿದೆ. ಚಿತ್ರದಿಂದ ಹಣ ಬಂದರೆ ______ ಪಾಲು ನನಗೆ, ನನ್ನ ನಂತರ ______ ಅವರಿಗೆ. ಇದನ್ನು ನನಗೆ ಓದಿ ಹೇಳಿದ್ದಾರೆ, ಒಂದು ಪ್ರತಿ ಕೊಟ್ಟಿದ್ದಾರೆ."

"ನನ್ನ ನಂತರ" ಅನ್ನುವ ಜಾಗ ಬಿಡಬೇಡಿ. ಅದನ್ನು ಕೇಳುವಾಗ ನಾಲಿಗೆ ತಡವರಿಸುತ್ತದೆ, ಗೊತ್ತು. ನಾನು ಪತ್ರ ಓದುವಾಗ ಆ ಸಾಲನ್ನು ಮೊಮ್ಮಕ್ಕಳ ಮಾತು ಬಂದಾಗ ಕೇಳುತ್ತೇನೆ. ಹಿರಿಯರಿಗೆ ಈ ಪ್ರಶ್ನೆ ನಮಗಿಂತ ಸಲೀಸು.

ಶಿರಸಿ ಮಾರಿಕಾಂಬಾ ಜಾತ್ರೆ ಅಥವಾ ಹೋಳಿಯ ಬೇಡರ ವೇಷದ ಗುಂಪಿನಲ್ಲಿ ಪ್ರತಿಯೊಬ್ಬರ ಸಹಿ ಪಡೆಯಲು ಆಗುವುದಿಲ್ಲ. ಅಲ್ಲಿ ಚಿತ್ರೀಕರಣ ನಡೆಯುತ್ತಿದೆ ಅಂತ ಬೋರ್ಡ್ ಹಾಕಿ, ಅದರ ಫೋಟೊ ಇಟ್ಟುಕೊಳ್ಳಿ. ಆದರೆ ಗುಂಪಿನಲ್ಲಿ ಒಬ್ಬರ ಮುಖವನ್ನು ಹತ್ತಿರದಿಂದ ಹಿಡಿದರೆ, ಅವರ ಹತ್ತಿರ ಮಾತಾಡಿಸಿದರೆ, ಪತ್ರ ಬೇಕು. ಬೇಡರ ವೇಷ ಕಟ್ಟಿದವರಂತೂ ಕಲಾವಿದರೇ. 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದೆ.

ಕೆಲವು ಗುರುತನ್ನು ಮಾತ್ರ ಒಪ್ಪಿಗೆ ಪತ್ರ ಇದ್ದರೂ ಸುಮ್ನೆ ತೋರಿಸಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಊರು, ಮನೆ, ಗುರುತು ಹತ್ತುವ ಯಾವುದೇ ವಿವರ ಬಹಿರಂಗ ಮಾಡುವುದು ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯ 23ನೇ ಕಲಂ ಶಾಲೆ, ಬೀದಿ, ಕುಟುಂಬದ ವಿವರವನ್ನೂ ಸೇರಿಸಿ ನಿಷೇಧಿಸುತ್ತದೆ. ಮುಖ ಮಸುಕು ಮಾಡಿ ಮನೆಯ ಅಂಗಳ ತೋರಿಸಿದರೆ ನಮ್ಮ ಹಳ್ಳಿಗಳಲ್ಲಿ ಯಾರ ಮನೆ ಅಂತ ಒಂದೇ ನಿಮಿಷಕ್ಕೆ ಗೊತ್ತಾಗುತ್ತದೆ.

ಮಾನನಷ್ಟದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಮರಳುಗಾರಿಕೆ, ಕಲ್ಲುಕ್ವಾರಿ, ಜಮೀನಿನ ಜಗಳದ ಬಗ್ಗೆ ಚಿತ್ರ ಮಾಡುವವರು ಎಚ್ಚರ ವಹಿಸಬೇಕು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ 2 ವರ್ಷದ ತನಕ ಸಾದಾ ಶಿಕ್ಷೆ ಇದೆ. ಹೇಳಿದ್ದು ನಿಜ ಅಂದರೆ ಮಾತ್ರ ಸಾಲದು, ಅದನ್ನು ಹೇಳುವುದು ಸಾರ್ವಜನಿಕರ ಒಳಿತಿಗೆ ಅನ್ನುವುದೂ ಇರಬೇಕು. ಸತ್ತವರ ಬಗ್ಗೆ ಬರೆದರೂ, ಮನೆಯವರ ಮನಸ್ಸು ನೋಯಿಸುವ ಉದ್ದೇಶ ಇದ್ದರೆ, ಮಾನನಷ್ಟ ಆಗಬಹುದು. ಸಂದರ್ಶನದಲ್ಲಿ ಯಾರೋ ಇನ್ನೊಬ್ಬರನ್ನು ಕಳ್ಳ ಅಂದರೆ, "ಅವರು ಹೇಳಿದ್ದು, ನಾವಲ್ಲ" ಅನ್ನಲು ಆಗುವುದಿಲ್ಲ. ಅದನ್ನು ಪ್ರಕಟ ಮಾಡಿದವರು ನೀವು. ದಾಖಲೆ ಇಟ್ಟುಕೊಳ್ಳಿ, ಎದುರಿನವರ ಉತ್ತರವನ್ನೂ ಕೇಳಿ ಹಾಕಿ. ಜಾತಿ ಹೆಸರಿನ ಬೈಗುಳವನ್ನು ಪಾತ್ರದ ಬಾಯಲ್ಲಿ ಹಾಕುವ ಮುಂಚೆ 1989ರ ದೌರ್ಜನ್ಯ ತಡೆ ಕಾಯ್ದೆ ನೆನಪಿರಲಿ.

ಹಂತ 5: ಜಾಗ

ತೋಟದಿಂದ ಶುರು ಮಾಡೋಣ. ತೋಟದ ಯಜಮಾನರು ಒಪ್ಪಿದರೆ ತೋಟದಲ್ಲಿ ಶೂಟ್ ಮಾಡಬಹುದು. ಅದರ ಮೇಲಿರುವ ಸೊಪ್ಪಿನ ಬೆಟ್ಟದಲ್ಲಿ? "ನಮ್ಮ ಬೆಟ್ಟ" ಅಂತ ಅವರು ಹೇಳುತ್ತಾರೆ, ಸೊಪ್ಪು ದರಕು ತರುವ ಸವಲತ್ತು ಅವರದ್ದೇ, ಆದರೆ ಜಾಗ ಸರ್ಕಾರದ್ದು. ಅಲ್ಲಿ ಲೈಟ್, ಜನರೇಟರ್ ತಂದು ಸೆಟ್ ಹಾಕಿದರೆ ಅರಣ್ಯ ಇಲಾಖೆ ಕೇಳುತ್ತದೆ, ಯಜಮಾನರಿಗೂ ತೊಂದರೆ. ಮನೆ, ತೋಟ ಹಿಸ್ಸೆ ಆಗದೆ ಇದ್ದರೆ ಅಣ್ಣತಮ್ಮಂದಿರೆಲ್ಲರ ಒಪ್ಪಿಗೆ ಕೇಳಿ.

ಕಾಡಿಗೆ ಬಂದರೆ, ಮೊದಲು ಅದು ಯಾವ ಥರದ ಕಾಡು ಅಂತ ಕೇಳಿ. ಸಾಮಾನ್ಯ ಮೀಸಲು ಅರಣ್ಯವಾದರೆ ಆಯಾ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿ. ಜಿಲ್ಲೆಯಲ್ಲಿ ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ ಅಂತ ಐದು ವಿಭಾಗಗಳಿವೆ, ವೃತ್ತ ಕಚೇರಿ ಶಿರಸಿಯಲ್ಲಿದೆ. ಯಾವ ಜಲಪಾತ ಯಾವ ವಿಭಾಗದ್ದು ಅಂತ ವಲಯ ಕಚೇರಿಯಲ್ಲಿ ಹೇಳುತ್ತಾರೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅತ್ತಿವೇರಿ ಪಕ್ಷಿಧಾಮದಂಥ ಕಡೆ ವನ್ಯಜೀವಿ ಕಾಯ್ದೆ 1972ರ 28ನೇ ಕಲಂ ಬರುತ್ತದೆ. ಅನುಮತಿ ಕೊಡುವವರು ಮುಖ್ಯ ವನ್ಯಜೀವಿ ಪರಿಪಾಲಕರು, ಬೆಂಗಳೂರಿನ ಅರಣ್ಯ ಭವನದಲ್ಲಿ. ಆವಾಸಕ್ಕೆ ಯಾವ ಬದಲಾವಣೆಯೂ ಆಗಬಾರದು ಅನ್ನುವುದು ಶರತ್ತು. ಶೂಟಿಂಗ್‌ಗೆ ಎರಡು ತಿಂಗಳ ಮುಂಚೆಯೇ ಅರ್ಜಿ ಹಾಕಿ. ಗಾರ್ಡ್ ಪರಿಚಯ ಇದ್ದಾರೆ ಅಂತ ಒಳಗೆ ಹೋಗಬೇಡಿ. ನಿಮಗೆ ದಂಡ ಆಗುತ್ತದೆ, ಅವರ ನೌಕರಿಗೆ ಕುತ್ತು ಬರುತ್ತದೆ.

ಕಡಲತೀರದಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೂ, ಗುಡಿಸಲು ಕಟ್ಟಿ ಸೆಟ್ ಹಾಕುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಬೇಕು. ಚಳಿಗಾಲದಲ್ಲಿ ದೇವಬಾಗ, ಕಾಸರಕೋಡ ಟೊಂಕದ ಕಡೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ರಾತ್ರಿ ದೊಡ್ಡ ಲೈಟ್ ಹಾಕಿದರೆ ಅದು ದಿಕ್ಕು ತಪ್ಪುತ್ತದೆ. ಅದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಎಲ್ಲಕ್ಕಿಂತ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿ. ಕಾನೂನು ಇಲ್ಲದಿದ್ದರೂ ಆ ಕೆಲಸ ಮಾಡಬಾರದು ಅಂತಲೇ ನನ್ನ ಅಭಿಪ್ರಾಯ. ಬೋಟ್ ಬೇಕಿದ್ದರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬಂದ್ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಕಾರವಾರದಿಂದ ಅಂಕೋಲಾ ಕಡೆ ಹೆದ್ದಾರಿಯಲ್ಲಿ ಬರುವಾಗ ಅರ್ಗಾದ ಹತ್ತಿರ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಕೈಗಾದಲ್ಲಿ ಅಣುಸ್ಥಾವರ. ಇಂಥ ಕಡೆ "ಬರೀ ರಸ್ತೆ ತೆಗೆದೆ" ಅನ್ನುವ ಮಾತು ನಡೆಯುವುದಿಲ್ಲ. ನಿಷೇಧಿತ ಸ್ಥಳದ ಚಿತ್ರ ತೆಗೆಯುವುದು ಅಧಿಕೃತ ರಹಸ್ಯ ಕಾಯ್ದೆ 1923ರ ವ್ಯಾಪ್ತಿಗೆ ಬರುತ್ತದೆ. ಚಲಿಸುವ ಕಾರಿನಿಂದ ಸಮುದ್ರ ತೆಗೆಯುವ ಆಸೆ ಇದ್ದರೆ ಆ ಭಾಗ ಬಿಟ್ಟು ಮುಂದೆ ತೆಗೆಯಿರಿ.

ಡ್ರೋನ್ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. 2021ರ ಡ್ರೋನ್ ನಿಯಮಗಳ ಪ್ರಕಾರ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಹಸಿರಿನಲ್ಲಿ 400 ಅಡಿ ತನಕ ಹಾರಾಟದ ಅನುಮತಿ ಬೇಡ. ಹಳದಿಗೆ ವಿಮಾನ ಸಂಚಾರ ನಿಯಂತ್ರಣದ ಒಪ್ಪಿಗೆ, ಕೆಂಪಿಗೆ ಕೇಂದ್ರ ಸರ್ಕಾರದ್ದೇ ಬೇಕು. 250 ಗ್ರಾಂ ಒಳಗಿನ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ. 2 ಕೆಜಿ ಒಳಗಿನದ್ದನ್ನು ವ್ಯಾಪಾರಕ್ಕಲ್ಲದೆ ಹಾರಿಸಿದರೂ ಬೇಡ, ದುಡ್ಡಿಗೆ ಶೂಟ್ ಮಾಡಿದರೆ ಬೇಕು. ಸಣ್ಣ ಡ್ರೋನ್ ಅಂತ ಕೆಂಪು ವಲಯದಲ್ಲಿ ರಿಯಾಯಿತಿ ಇಲ್ಲ. ಹಾರಿಸುವ ದಿನವೇ ಬೆಳಿಗ್ಗೆ ನಕ್ಷೆ ನೋಡಿ, ಅದು ಬದಲಾಗುತ್ತಿರುತ್ತದೆ. ಹಸಿರು ಇದ್ದರೂ ಕಾಡಿನ ಮೇಲೆ ಅರಣ್ಯ ಇಲಾಖೆಯ ಅನುಮತಿ ಬೇರೆ, ಸ್ಥಳೀಯ ಠಾಣೆಗೆ ಒಂದು ಮಾಹಿತಿ ಪತ್ರ ಬೇರೆ.

ರೈಲು ಹಳಿ ಕಂಡರೆ ರೀಲ್ಸ್ ಮಾಡುವವರ ಕಾಲು ನಿಲ್ಲುವುದಿಲ್ಲ. ಅನುಮತಿ ಇಲ್ಲದೆ ಹಳಿ ಮೇಲೆ ಹೋದರೆ ರೈಲ್ವೆ ಕಾಯ್ದೆ 1989ರ 147ನೇ ಕಲಂ ಪ್ರಕಾರ 6 ತಿಂಗಳ ತನಕ ಜೈಲು ಅಥವಾ ದಂಡ ಆಗಬಹುದು. ಕರಾವಳಿಯ ಲೈನ್ ಕೊಂಕಣ ರೈಲ್ವೆಯದ್ದು, ಅದರ ಕೇಂದ್ರ ಕಚೇರಿ ನವಿ ಮುಂಬೈನ ಬೇಲಾಪುರದಲ್ಲಿದೆ. ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಅರ್ಜಿ ಕೊಟ್ಟು ಕಾಯುತ್ತ ಕೂರಬೇಡಿ.

ಬನವಾಸಿಯ ಮಧುಕೇಶ್ವರ ದೇವಸ್ಥಾನ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಇಂಥ ಕಡೆ ಮೊಬೈಲ್‌ನಲ್ಲಿ ಪ್ರವಾಸಿ ಫೋಟೊ ಬೇರೆ, ಟ್ರೈಪಾಡ್, ಕಲಾವಿದರು, ಲೈಟ್ ಬೇರೆ. ಎರಡನೆಯದಕ್ಕೆ ಲೈಸೆನ್ಸ್ ಬೇಕು, ಶುಲ್ಕ ಮತ್ತು ಠೇವಣಿ ಇದೆ. ಯಾವ ಸ್ಮಾರಕ ಕೇಂದ್ರದ್ದು, ಯಾವುದು ರಾಜ್ಯದ್ದು ಅಂತ ಬಾಗಿಲ ಹತ್ತಿರದ ನೀಲಿ ಬೋರ್ಡ್ ಓದಿದರೆ ಗೊತ್ತಾಗುತ್ತದೆ. ಪೂಜೆ ನಡೆಯುವ ದೇವಸ್ಥಾನವಾದರೆ ಆಡಳಿತ ಮಂಡಳಿಯ ಪತ್ರವೂ ಬೇಕು. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸುವ ಮಾತೇ ಬೇಡ.

ಎಲ್ಲ ಕಡೆಯೂ ಠಾಣೆಗೆ ಮತ್ತು ಪಂಚಾಯತಿಗೆ ಅಥವಾ ನಗರಸಭೆಗೆ ದಿನಾಂಕ, ಜನ, ವಾಹನದ ವಿವರದ ಪತ್ರ ಕೊಟ್ಟು, ಸ್ವೀಕರಿಸಿದ ಸೀಲ್ ಹಾಕಿಸಿಕೊಳ್ಳಿ.

ಹಂತ 6: ಮಕ್ಕಳು, ಪ್ರಾಣಿ, ಕವಳ, ಕೋವಿ

14 ವರ್ಷದೊಳಗಿನ ಮಕ್ಕಳು ನಟಿಸಬೇಕಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಇಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸತತ 27 ದಿನ ದಾಟುವಂತಿಲ್ಲ. ಸಂಪಾದನೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಲ್ಲಿ ಬ್ಯಾಂಕ್ ಠೇವಣಿ ಇಡಬೇಕು. ಮಗುವಿನ ಸಹಿಗೆ ಬೆಲೆ ಇಲ್ಲ, ತಂದೆತಾಯಿಯ ಸಹಿ ಬೇಕು. ಹಾಗಂತ ಮಗುವನ್ನು ಕೇಳದೆ ಬಿಡಬೇಡಿ.

ಪ್ರಾಣಿಗಳಿದ್ದರೆ ಶೂಟಿಂಗ್ ಮುಂಚೆಯೇ ಪ್ರಾಣಿ ಕಲ್ಯಾಣ ಮಂಡಳಿಗೆ ಅರ್ಜಿ ಹಾಕಬೇಕು. ಕೊಟ್ಟಿಗೆಯ ದನವೇ ಆದರೂ ಅದು ಪಾತ್ರ ಮಾಡುತ್ತಿದ್ದರೆ ಲೆಕ್ಕಕ್ಕೆ ಬರುತ್ತದೆ. ಶೂಟಿಂಗ್ ಮುಗಿದ ಮೇಲೆ ಅನುಮತಿ ಕೇಳಿದರೆ ಸಿಗುವುದಿಲ್ಲ, ಸೆನ್ಸಾರ್ ಅಲ್ಲೇ ನಿಲ್ಲುತ್ತದೆ. ನಾಗರ ಹಾವು ಹಿಡಿಸಿ ಶೂಟ್ ಮಾಡುವುದು, ಕೋಳಿ ಅಂಕ ಏರ್ಪಡಿಸುವುದು ಅಪರಾಧ. ಊರಲ್ಲಿ ನಡೆಯುತ್ತದೆ ಅನ್ನುವುದು ಕಾರಣ ಆಗುವುದಿಲ್ಲ.

ಕವಳದ ವಿಷಯ ಯಾರೂ ಯೋಚಿಸುವುದಿಲ್ಲ. ನಮ್ಮ ಕಡೆ ಜಗಲಿಯ ಮೇಲೆ ಕೂತ ಹಿರಿಯರ ಕೈಯಲ್ಲಿ ಕವಳದ ಬಟ್ಟಲು ಇರದ ಚಿತ್ರ ಎಲ್ಲಿದೆ? ಎಲೆ, ಅಡಿಕೆ, ಸುಣ್ಣಕ್ಕೆ ತೊಂದರೆ ಇಲ್ಲ. ಅದಕ್ಕೆ ತಂಬಾಕಿನ ಎಸಳು ಸೇರಿಸುವುದು ತೆರೆಯ ಮೇಲೆ ಕಂಡರೆ ಅದು ತಂಬಾಕು ಬಳಕೆ, ಬೀಡಿ ಸೇದಿದಷ್ಟೇ ಲೆಕ್ಕ. ಶುರುವಿನಲ್ಲಿ ಮತ್ತು ನಡುವೆ 30 ಸೆಕೆಂಡಿನ ಆರೋಗ್ಯ ಎಚ್ಚರಿಕೆ, ದೃಶ್ಯದ ಕೆಳಗೆ ಬರಹ ಬೇಕು. 2023ರ ಸೆಪ್ಟೆಂಬರ್‌ನಿಂದ ಓಟಿಟಿಗೂ ಇದು ಅನ್ವಯ. ಆ ಕ್ಷಣ ಬೇಡವಾದರೆ ಶೂಟಿಂಗ್‌ನಲ್ಲೇ ಬಿಡುವುದು ಸುಲಭ.

ಕೋವಿ ತೋರಿಸಬೇಕಾದರೆ ಆಟಿಕೆ ಕೋವಿ ಬಳಸಿ, ಠಾಣೆಗೆ ತಿಳಿಸಿ. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಮಾವನ ಕೋವಿಯನ್ನು ನಟನ ಕೈಗೆ ಕೊಡಬೇಡಿ. ಲೈಸೆನ್ಸ್ ಇರುವುದು ಮಾವನಿಗೆ.

ಹಂತ 7: ಜೊತೆಗೆ ದುಡಿಯುವವರು

10 ಜನ ಅಥವಾ ಜಾಸ್ತಿ ಕೆಲಸ ಮಾಡುವ ಕಡೆ, 2013ರ ಕಾಯ್ದೆಯ ಪ್ರಕಾರ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಸಣ್ಣ ತಂಡದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಹೊರಾಂಗಣ ಶೂಟಿಂಗ್, ಹೋಂಸ್ಟೇ ವಾಸ್ತವ್ಯ ಎಲ್ಲವೂ ಕೆಲಸದ ಜಾಗವೇ. ಯಾರಿಗೆ ದೂರು ಹೇಳಬೇಕು ಅನ್ನುವ ಹೆಸರು, ನಂಬರನ್ನು ಮೊದಲ ದಿನವೇ ಎಲ್ಲರಿಗೂ ಕೊಡಿ. ಜಲಪಾತ, ಹೊಳೆ, ಸಮುದ್ರ ಇದ್ದರೆ ಅಪಘಾತ ವಿಮೆ ಮಾಡಿಸಿ.

ಗೋಕರ್ಣದಲ್ಲಿ ಸಿಕ್ಕ ವಿದೇಶಿ ಗೆಳೆಯರನ್ನು ಪಾತ್ರಕ್ಕೆ ಹಾಕಿಕೊಳ್ಳುವುದು ರೂಢಿಯಾಗಿದೆ. ಪ್ರವಾಸಿ ವೀಸಾ ಇರುವುದು ತಿರುಗಾಡಲು. ನಟಿಸಿದರೆ, ಕ್ಯಾಮೆರಾ ಹಿಡಿದರೆ ವೀಸಾ ಉಲ್ಲಂಘನೆ ಆಗಿ ಅವರನ್ನು ವಾಪಸ್ ಕಳಿಸಬಹುದು. ಅದಕ್ಕೆ ಬೇರೆ ಫಿಲ್ಮ್ ವೀಸಾ ಇದೆ.

ಹಂತ 8: ತೋರಿಸುವ ಮುಂಚೆ

ಸಾರ್ವಜನಿಕ ಪ್ರದರ್ಶನಕ್ಕೆ ಸಿನಿಮಾಟೋಗ್ರಾಫ್ ಕಾಯ್ದೆ 1952ರ ಪ್ರಕಾರ ಸೆನ್ಸಾರ್ ಪ್ರಮಾಣಪತ್ರ ಬೇಕು. ಸಾಕ್ಷ್ಯಚಿತ್ರಕ್ಕೂ ಬೇಕು, ಕಿರುಚಿತ್ರಕ್ಕೂ ಬೇಕು. ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ, ಅರ್ಜಿ ಆನ್‌ಲೈನ್. 2024ರ ನಿಯಮಗಳಿಂದ ಯು, ಯುಎ 7+, ಯುಎ 13+, ಯುಎ 16+, ಎ, ಎಸ್ ಅಂತ ವರ್ಗಗಳಿವೆ. ಮೊದಲು 10 ವರ್ಷ ಇದ್ದ ಪ್ರಮಾಣಪತ್ರದ ಅವಧಿ ಈಗ ಶಾಶ್ವತ. ಚಿತ್ರೋತ್ಸವಗಳು ತಮ್ಮ ಪ್ರದರ್ಶನಕ್ಕೆ ವಿನಾಯಿತಿ ಪಡೆದಿರುತ್ತವೆ, ಅದು ಆ ಉತ್ಸವಕ್ಕೆ ಮಾತ್ರ. ಯೂಟ್ಯೂಬ್, ಓಟಿಟಿಗೆ ಸೆನ್ಸಾರ್ ಬೇಡ, 2021ರ ಐಟಿ ನಿಯಮಗಳು ಅನ್ವಯ. ಮೇಲಿನ ಮಾನನಷ್ಟ, ಮಕ್ಕಳ ಗುರುತು, ಕೃತಿಸ್ವಾಮ್ಯದ ಮಾತೆಲ್ಲ ಅಲ್ಲಿಗೂ ಹಾಗೇ ನಿಲ್ಲುತ್ತದೆ.

ಕೃತಿಸ್ವಾಮ್ಯ ಹುಟ್ಟಲು ನೋಂದಣಿ ಬೇಕಿಲ್ಲ. ಜಗಳವಾದಾಗ ಸಾಕ್ಷಿಗೆ ಒಳ್ಳೆಯದು. ಚಿತ್ರಕಥೆಗೆ ಶುಲ್ಕ 500 ರೂಪಾಯಿ, ಚಲನಚಿತ್ರಕ್ಕೆ 5000, ಧ್ವನಿಮುದ್ರಿಕೆಗೆ 2000. ನಾನು ಚಿತ್ರಕಥೆಯನ್ನು ಯಾರಿಗಾದರೂ ಕಳಿಸುವ ಮುಂಚೆಯೇ ನೋಂದಣಿಗೆ ಹಾಕುತ್ತೇನೆ.

ಕೊನೆಗೆ ಫೈಲು. ಕಥೆಯ ಹಕ್ಕು, ತಂಡದ ಪತ್ರ, ಹಾಡಿನ ಲೈಸೆನ್ಸ್, ಒಪ್ಪಿಗೆ ಪತ್ರಗಳು, ಜಾಗದ ಅನುಮತಿ, ಠಾಣೆಯ ಸೀಲ್ ಇರುವ ಪ್ರತಿ, ಹಣ ಕೊಟ್ಟ ರಸೀದಿ, ಈ ಅನುಕ್ರಮದಲ್ಲೇ ಇಡಿ. ಪ್ರತಿ ಸಂಜೆ ಫುಟೇಜ್ ಕಾಪಿ ಮಾಡುವಾಗಲೇ ಆ ದಿನದ ಕಾಗದಗಳನ್ನೂ ಸ್ಕ್ಯಾನ್ ಮಾಡಿ, ಅದೇ ಫೋಲ್ಡರ್‌ಗೆ ಹಾಕಿ. ಮಳೆಗಾಲದಲ್ಲಿ ನಮ್ಮ ಕಡೆ ಕಾಗದಕ್ಕೆ ಬೂಸಲು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರ್ ಇರಲಿ. ಹಾಡಿದವರ ಮನೆಗೆ ಕೊಡುವ ಪ್ರತಿಯನ್ನೂ ಅಂಥದೇ ಕವರಿನಲ್ಲಿ ಹಾಕಿ, ಪಹಣಿ ಪತ್ರ ಇಡುವ ಜಾಗದಲ್ಲೇ ಇಟ್ಟುಕೊಳ್ಳಿ ಅಂತ ಮನೆಯವರಿಗೆ ಹೇಳಿ ಬನ್ನಿ.